ಬೃಂದಾವನದ ಕಾರಂಜಿಯಲ್ಲಿ ನಮ್ಮ ಹಳ್ಳದ ನೀರು

ಡಿಸೆಂಬರ್ ಬಂತೆಂದರೆ ನಮ್ಮ ಮೂಡಿಗೆರೆ ಕಡೆಯ ಶಾಲೆಗಳಲ್ಲಿ ಎರಡೇ ಮಾತು. ಒಂದು ವಾರ್ಷಿಕೋತ್ಸವದ ಡ್ಯಾನ್ಸು, ಇನ್ನೊಂದು ಟೂರು. ಟೂರು ಎಂದರೆ ಮೈಸೂರು. ಬೆಳಗಿನ ಜಾವದ ಮಂಜಿನಲ್ಲಿ ಬಸ್ಸು ಹೊರಡುತ್ತದೆ. ಮಕ್ಕಳು ಮಂಕಿ ಕ್ಯಾಪಿನೊಳಗಿಂದ ಕಣ್ಣು ಮಾತ್ರ ಹೊರಗೆ ಬಿಟ್ಟುಕೊಂಡು ಕೂತಿರುತ್ತಾರೆ. ಶ್ರವಣಬೆಳಗೊಳ, ಶ್ರೀರಂಗಪಟ್ಟಣ, ಜೂ, ಅರಮನೆ, ಚಾಮುಂಡಿ ಬೆಟ್ಟ ಎಲ್ಲ ಮುಗಿಸಿ ಕತ್ತಲಾಗುವ ಹೊತ್ತಿಗೆ ಕೆಆರ್‌ಎಸ್. ಟೂರಿನ ಬಗ್ಗೆ ಪ್ರಬಂಧ ಬರೆಯಿರಿ ಎಂದರೆ ಅರಮನೆಗೆ ಎರಡು ಸಾಲು, ಬೃಂದಾವನದ ಲೈಟಿಗೆ ಒಂದು ಪುಟ. ನಾನೂ ಹಾಗೇ ಬರೆದಿದ್ದೆ.

ನಾನು ಟೂರಿಗೆ ಹೋದ ದುಡ್ಡು ಅಮ್ಮನ ಹಣ್ಣು ಕೊಯ್ಲಿನ ಕೂಲಿಯದ್ದು. ಅಮ್ಮ ಬೃಂದಾವನ ನೋಡಿರಲಿಲ್ಲ. ಕಳೆದ ಡಿಸೆಂಬರಿನಲ್ಲಿ ಒಂದು ಭಾನುವಾರ ಹಟ ಮಾಡಿ ಕರೆದುಕೊಂಡು ಹೋದೆ. ಸಂಜೆ ಕತ್ತಲಾಗುತ್ತಿದ್ದಂತೆ ಕಾಲುವೆಯ ಎರಡೂ ಕಡೆ ಬಣ್ಣದ ದೀಪಗಳು ಹೊತ್ತಿಕೊಂಡವು. ನೀರು ಕೆಂಪಾಯಿತು, ಹಸಿರಾಯಿತು. ಜನ ಓ ಎಂದರು. ಅಮ್ಮ ಸೆರಗು ಹೊದ್ದುಕೊಂಡು ಸುಮ್ಮನೆ ನೋಡುತ್ತಿದ್ದವರು ಸ್ವಲ್ಪ ಹೊತ್ತಿನ ಮೇಲೆ ಕೇಳಿದರು: "ಈ ನೀರು ಎಲ್ಲಿಂದ ಬರ್ತದೆ?"

"ನಮ್ಮೂರ ಕಡೆಯಿಂದಲೇ" ಎಂದೆ. ತಮಾಷೆ ಮಾಡುತ್ತಿದ್ದೀನಿ ಅಂದುಕೊಂಡರು. ಅಲ್ಲಿ ಗಲಾಟೆಯಲ್ಲಿ ಬಿಡಿಸಿ ಹೇಳಲು ಆಗಲಿಲ್ಲ. ಈ ಬರಹ ಅವರಿಗೆ ಆವತ್ತು ಕೊಡಬೇಕಾಗಿದ್ದ ಉತ್ತರ.

ಮೊದಲು ನೀರಿನ ದಾರಿ. ಬಲ್ಲಾಳರಾಯನ ದುರ್ಗದ ಬುಡದಲ್ಲಿ, ಮೂಡಿಗೆರೆ ತಾಲೂಕಿನ ಜಾವಳಿಯಲ್ಲಿ ಹೇಮಾವತಿ ಹುಟ್ಟುತ್ತದೆ. ಅಲ್ಲಿ ದಾಟಲು ಸೇತುವೆಯೇ ಬೇಕಿಲ್ಲ, ಲಂಗ ಎತ್ತಿಕೊಂಡು ಹಾರಬಹುದು. ಅಲ್ಲಿಂದ ಸಕಲೇಶಪುರ, ಗೊರೂರು, ಹೊಳೆನರಸೀಪುರ ದಾಟಿ ಸುಮಾರು 245 ಕಿಲೋಮೀಟರ್ ಹರಿದು ಕೆಆರ್‌ಎಸ್ ಹಿನ್ನೀರಿನಲ್ಲಿ ಕಾವೇರಿಗೆ ಸೇರುತ್ತದೆ. ಇನ್ನು ಯಗಚಿ. ಅದು ಹುಟ್ಟುವುದು ಬಾಬಾಬುಡನ್‌ಗಿರಿ ಸಾಲಿನಲ್ಲಿ. ಚಿಕ್ಕಮಗಳೂರು, ಬೇಲೂರು ಹಾದು ಗೊರೂರಿನ ಹತ್ತಿರ ಹೇಮಾವತಿಗೆ ಕೂಡಿಕೊಳ್ಳುತ್ತದೆ. ಅಂದರೆ ಗಿರಿಯ ದಕ್ಷಿಣದ ಇಳಿಜಾರಿನ ಮಳೆಯೂ, ಚಾರ್ಮಾಡಿಯ ಈಚೆ ಬದಿಯ ಮಳೆಯೂ ಕೊನೆಗೆ ಹೋಗಿ ನಿಲ್ಲುವುದು ಒಂದೇ ಕಟ್ಟೆಯಲ್ಲಿ. ಜುಲೈನಲ್ಲಿ ನಮ್ಮ ಹೆಂಚಿನ ಮೇಲೆ ದಬದಬ ಬಿದ್ದ ಮಳೆಯೇ ಡಿಸೆಂಬರಿನಲ್ಲಿ ಅಲ್ಲಿ ಬಣ್ಣ ಹಚ್ಚಿಕೊಂಡು ಕುಣಿಯುವುದು.

ಕಳಸದವರು ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಭದ್ರೆ ಗಂಗಾಮೂಲದಲ್ಲಿ ಹುಟ್ಟಿ ಕಳಸ, ಬಾಳೆಹೊನ್ನೂರು ದಾಟಿ ಉತ್ತರಕ್ಕೆ ಹೋಗಿ ಲಕ್ಕವಳ್ಳಿ ಡ್ಯಾಮಿನಲ್ಲಿ ನಿಲ್ಲುತ್ತದೆ. ನಿಮ್ಮ ಬೆಳಕಿನ ಕತೆ ಬೇರೆ, ಅದಕ್ಕೂ ಬರುತ್ತೇನೆ.

ಈಗ ಆ ನೀರು ಬೆಳಕಾದದ್ದು ಹೇಗೆ ಅನ್ನುವುದು. ಕೆಆರ್‌ಎಸ್ ಕಟ್ಟುವುದಕ್ಕಿಂತ ಮೊದಲೇ ಕಾವೇರಿಯಿಂದ ಕರೆಂಟು ತೆಗೆದಿದ್ದರು. ಮಂಡ್ಯ ಜಿಲ್ಲೆಯ ಶಿವನಸಮುದ್ರದಲ್ಲಿ, ಹೊಳೆ ಎರಡಾಗಿ ಧುಮುಕುವ ಜಾಗದಲ್ಲಿ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲ. ಸಂಸ್ಥಾನದ ಎಂಜಿನಿಯರ್ ಕ್ಯಾಪ್ಟನ್ ಜೋಲಿ ಡಿ ಲೋಟ್ಬಿನಿಯರ್ ಎಂಬುವರು ಈ ಯೋಜನೆಯ ಬೆನ್ನು ಹತ್ತಿದ್ದರು. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ, ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯಿಂದ ಹಡಗಿನಲ್ಲಿ ಬಂದವು. ರೈಲು ಇಳಿದ ಮೇಲೆ ಎತ್ತಿನ ಗಾಡಿ ಮತ್ತು ಆನೆಗಳ ಕೆಲಸ. ನಮ್ಮಲ್ಲಿ ಮರದ ದಿಮ್ಮಿ ಎಳೆಯುವ ಆನೆ ನೋಡಿದ ಹಿರಿಯರಿಗೆ ಆ ದೃಶ್ಯ ಊಹಿಸಿಕೊಳ್ಳುವುದು ಕಷ್ಟವಲ್ಲ.

1902ರ ಜೂನ್ 30ರಂದು ಶಿವನಸಮುದ್ರದ ಕರೆಂಟು ಹೊರಟಿತು. ಎಲ್ಲಿಗೆ? ಪಕ್ಕದ ಹಳ್ಳಿಗಲ್ಲ. ಮೈಸೂರಿಗೂ ಅಲ್ಲ, ಬೆಂಗಳೂರಿಗೂ ಅಲ್ಲ. ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಆ ಕಾಲದಲ್ಲಿ ಜಗತ್ತಿನಲ್ಲೇ ಬಹಳ ಉದ್ದದ ವಿದ್ಯುತ್ ಲೈನುಗಳಲ್ಲಿ ಅದೂ ಒಂದು. ಗಣಿ ನಡೆಸುತ್ತಿದ್ದುದು ಬ್ರಿಟಿಷ್ ಕಂಪನಿಗಳು, ಮೇಲುಸ್ತುವಾರಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ಅವರು ಹಣ ಕೊಟ್ಟು ಕರೆಂಟು ಕೊಳ್ಳುತ್ತೇವೆಂದು ಕರಾರು ಮಾಡಿಕೊಂಡಿದ್ದರಿಂದಲೇ ಸಂಸ್ಥಾನ ಅಷ್ಟು ಖರ್ಚಿಗೆ ಕೈ ಹಾಕಿತು. ಸಂಸ್ಥಾನಕ್ಕೆ ಇದರಿಂದ ಲಾಭವಾಯಿತು, ಸುಳ್ಳಲ್ಲ. ಆದರೆ ಲೈನು ಯಾರ ಹೊಲದ ಮೇಲೆ ಹಾದು ಹೋಯಿತೋ ಅವರ ಮನೆಯಲ್ಲಿ ಆವತ್ತು ರಾತ್ರಿ ಹರಳೆಣ್ಣೆ ದೀಪವೇ ಉರಿದದ್ದು. ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡಿದ್ದರು, ಆ ಬೆಳಕು ಅವರೂ ನೋಡಲಿಲ್ಲ.

ಇಲ್ಲಿಂದ ಬೆಳಕು ಹೋದ ವರಸೆ ನೋಡಿ. 1902ರಲ್ಲಿ ಗಣಿ. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿ ದೀಪ. 1908ರಲ್ಲಿ ಮೈಸೂರು ನಗರ. ರಾಜಧಾನಿಗಿಂತ ಗಣಿ ಮುಂದೆ. ರಾಜಧಾನಿ ಕೂಡ ಆರು ವರ್ಷ ಕಾದಿದೆ ಎಂದ ಮೇಲೆ ನಾವು ಎಷ್ಟು ಕಾದಿರಬೇಕು!

ಅರಮನೆಯ ಮಾತು ಇಲ್ಲೇ ಹೇಳಿಬಿಡುತ್ತೇನೆ. ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆಯ ಹೊತ್ತಿನಲ್ಲಿ ಬೆಂಕಿಗೆ ಸಿಕ್ಕಿ ಹೋಯಿತು. ಹೆನ್ರಿ ಇರ್ವಿನ್ ನಕ್ಷೆ ಹಾಕಿದ ಹೊಸ ಅರಮನೆ 1912ರಲ್ಲಿ ಪೂರ್ತಿಯಾಯಿತು. ಬೆಂಕಿ ಕಂಡು ಬೆದರಿದ ಮನೆಗೆ ಬೆಂಕಿಯಿಲ್ಲದ ದೀಪ ಬಂತು. ಇವತ್ತು ಆ ಕಟ್ಟಡದ ಅಂಚಂಚಿಗೆ ಸುಮಾರು ಒಂದು ಲಕ್ಷ ಬಲ್ಬುಗಳಿವೆ. ಭಾನುವಾರ ಮತ್ತು ರಜೆ ದಿನಗಳ ಸಂಜೆ ಒಂದಿಷ್ಟು ಹೊತ್ತು ಹೊತ್ತಿಸುತ್ತಾರೆ. ದಸರೆಗೆ ದಿನವೂ. ಈಚಿನ ವರ್ಷಗಳಲ್ಲಿ ಡಿಸೆಂಬರ್ ಕೊನೆಯಲ್ಲಿ ಮಾಗಿ ಉತ್ಸವ, ಫಲಪುಷ್ಪ ಪ್ರದರ್ಶನ ಎಂದು ಚಳಿಗಾಲಕ್ಕೂ ಒಂದು ಬೆಳಕಿನ ಹಬ್ಬ ಸೇರಿಕೊಂಡಿದೆ.

ಆದರೆ "ಮೈಸೂರಿಗೆ ಹೋಗಿ ನೋಡಿಕೊಂಡು ಬರುವುದು" ಎಂಬ ಅಭ್ಯಾಸ ಕರೆಂಟಿಗಿಂತ ಹಳೆಯದು. ದಸರಾ ವಸ್ತುಪ್ರದರ್ಶನ ಶುರುವಾದದ್ದು ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1880ರಲ್ಲಿ. ಹೊಸ ಯಂತ್ರ, ಹೊಸ ಬೀಜ, ಹೊಸ ಕಸುಬುಗಳನ್ನು ಜನರಿಗೆ ತೋರಿಸಬೇಕು ಎಂಬ ಉದ್ದೇಶ. ಮಾರನೇ ವರ್ಷ, 1881ರ ಅಕ್ಟೋಬರಿನಲ್ಲಿ ದಿವಾನ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದರು. ಅದನ್ನು ಬೇಕೆಂದೇ ದಸರೆಯ ಹೊತ್ತಿಗೆ ಇಟ್ಟುಕೊಂಡಿದ್ದರು, ಬಂದವರು ಹಬ್ಬವನ್ನೂ ನೋಡಲಿ ಎಂದು. 144 ಜನ ಸದಸ್ಯರು. ತಾಲೂಕುಗಳಿಂದ ಜಮೀನುದಾರರು, ಅವರ ಜೊತೆ ವರ್ತಕರು. ನಮ್ಮ ಜಿಲ್ಲೆಗೆ ಆಗ ಕಡೂರು ಜಿಲ್ಲೆ ಅಂತ ಹೆಸರು. 1947ರವರೆಗೂ ಅದೇ ಹೆಸರು ಇತ್ತು. ಕಾಫಿ ಸೀಮೆಯಿಂದ ಮೈಸೂರಿಗೆ ಹಬ್ಬ ನೋಡಲು ಹೋದವರಲ್ಲಿ ಮೊದಲಿಗರು ಹೀಗೆ ಜಮೀನು ಇದ್ದವರು. ಜಮೀನು ಇಲ್ಲದವರನ್ನು ಆ ಸಭೆಗೆ ಯಾರೂ ಕರೆದಿರಲಿಲ್ಲ.

ಆ ವಸ್ತುಪ್ರದರ್ಶನ ಈಗಲೂ ನಡೆಯುತ್ತದೆ, ದೊಡ್ಡಕೆರೆ ಮೈದಾನದಲ್ಲಿ. ದಸರೆಗೆ ಶುರುವಾಗಿ ಚಳಿಗಾಲದವರೆಗೂ ಎಳೆಯುತ್ತದೆ. ಬೀಜ, ಯಂತ್ರಗಳ ಮಳಿಗೆ ಇರುತ್ತವೆ, ಆದರೆ ಜನ ನುಗ್ಗುವುದು ಜೈಂಟ್ ವೀಲು, ಕೊಲಂಬಸ್ ದೋಣಿ, ಹಪ್ಪಳ, ಹತ್ತಿ ಮಿಠಾಯಿ, ಸಾಲು ಸಾಲು ಬಣ್ಣದ ಬಲ್ಬುಗಳ ಕಡೆಗೆ. ಈಗ ಬಿಡದಿಯಲ್ಲಿ ವಂಡರ್‌ಲಾ ಇದೆ, 2005ರಿಂದ. ಟಿಕೆಟ್ ರೇಟು ಕೇಳಿದರೆ ನಮ್ಮ ಶಾಲೆ ಮೇಷ್ಟ್ರುಗಳು ಬಸ್ಸನ್ನು ಹಿಂದಕ್ಕೆ ತಿರುಗಿಸುತ್ತಾರೆ. ಹಳ್ಳಿ ಮಕ್ಕಳ ಅಮ್ಯೂಸ್‌ಮೆಂಟ್ ಪಾರ್ಕ್ ಇವತ್ತಿಗೂ ಆ ಮೈದಾನ ಮತ್ತು ಬೃಂದಾವನವೇ.

ಬೆಳಕಿನ ಹಬ್ಬ ನಮ್ಮಲ್ಲಿ ಇರಲಿಲ್ಲವೆಂದು ಯಾರೂ ಅಂದುಕೊಳ್ಳಬೇಡಿ. ಚಿಕ್ಕಮಗಳೂರಿನ ಮಲ್ಲೇನಹಳ್ಳಿ ಹತ್ತಿರದ ಬಿಂಡಿಗದ ದೇವೀರಮ್ಮನ ಬೆಟ್ಟ ನಿಮಗೆ ಗೊತ್ತು. ದೀಪಾವಳಿಯ ನರಕ ಚತುರ್ದಶಿಗೆ ಜನ ರಾತ್ರಿಯಿಂದಲೇ ಬೆಟ್ಟ ಹತ್ತುತ್ತಾರೆ, ಬಹಳ ಮಂದಿ ಬರಿಗಾಲಲ್ಲಿ. ಕೆಳಗೆ ನಿಂತು ನೋಡಿದರೆ ಕತ್ತಲ ಬೆಟ್ಟದ ಮೇಲೆ ಬ್ಯಾಟರಿ ಬೆಳಕಿನ ಒಂದು ದಾರ ಮೇಲಕ್ಕೆ ಸರಿಯುತ್ತಿರುತ್ತದೆ. ಮೊದಲು ಅದು ಪಂಜಿನ ದಾರವಾಗಿತ್ತು, ಈಗ ಅರ್ಧಕ್ಕರ್ಧ ಮೊಬೈಲಿನದು. ನಮ್ಮ ಹಿರಿಯರು ಹೇಳುವ ಒಂದು ಕತೆ ಇದೆ. ಬೆಟ್ಟದ ತುದಿಯಲ್ಲಿ ಹಚ್ಚಿದ ಬೆಳಕು ಮೈಸೂರಿನ ಅರಮನೆಗೆ ಕಾಣುತ್ತಿತ್ತಂತೆ, ಮಹಾರಾಜರು ಅದನ್ನು ನೋಡಿ ಅಲ್ಲಿಂದಲೇ ಪೂಜೆ ಮಾಡುತ್ತಿದ್ದರಂತೆ.

ನೆಟ್ಟಗೆ ಗೆರೆ ಎಳೆದರೂ ಅಲ್ಲಿಂದ ಮೈಸೂರು 150 ಕಿಲೋಮೀಟರ್‌ಗೆ ಹತ್ತಿರ ಹತ್ತಿರ. ಭೂಮಿ ಗುಂಡಗಿದೆ, ನಡುವೆ ಗುಡ್ಡಗಳಿವೆ, ದೀಪಾವಳಿಗೆ ಮಂಜಿರುತ್ತದೆ. ಬೆಂಕಿ ಕಾಣುತ್ತಿತ್ತು ಎಂದು ನಾನು ನಂಬುವುದಿಲ್ಲ. ಆದರೆ ಕತೆ ನನಗೆ ಇಷ್ಟ. ಆ ಕತೆಯಲ್ಲಿ ಬೆಳಕು ನಮ್ಮದು, ನೋಡುವವನು ರಾಜ. ಆಮೇಲೆ ಅದು ತಿರುಗಾಮುರುಗಾ ಆಯಿತು. ಬೆಳಕು ಅರಮನೆಯದು, ಬಸ್ಸು ಹತ್ತಿ ನೋಡಲು ಹೋಗುವವರು ನಾವು.

ಕನ್ನಂಬಾಡಿ ಕಟ್ಟೆಗೆ ಬರೋಣ. ಮಂಡ್ಯದ ಕಡೆಯವರು ಕೆಆರ್‌ಎಸ್ ಅನ್ನುವುದು ಕಡಿಮೆ, ಕನ್ನಂಬಾಡಿ ಅನ್ನುತ್ತಾರೆ. ಕಟ್ಟೆಯ ನೀರಿನಲ್ಲಿ ಮುಳುಗಿದ ಊರಿನ ಹೆಸರು ಅದು. ಕೆಲಸ ಶುರುವಾದದ್ದು 1911ರಲ್ಲಿ, ಆಗ ವಿಶ್ವೇಶ್ವರಯ್ಯ ಚೀಫ್ ಎಂಜಿನಿಯರ್. ಮರು ವರ್ಷ ಅವರೇ ದಿವಾನರಾದರು. ಈ ಕಟ್ಟೆಯನ್ನು ನಾವು ಭತ್ತ, ಕಬ್ಬಿನ ಜೊತೆ ನೆನೆಯುತ್ತೇವೆ. ಆದರೆ ಕಟ್ಟೆ ಬೇಕು ಎನ್ನುವುದಕ್ಕೆ ಇದ್ದ ಮುಖ್ಯ ಕಾರಣಗಳಲ್ಲಿ ಒಂದು ಶಿವನಸಮುದ್ರ. ಬೇಸಿಗೆಯಲ್ಲಿ ಕಾವೇರಿ ಸೊರಗಿದಾಗ ಕರೆಂಟು ಕುಸಿಯುತ್ತಿತ್ತು, ಗಣಿಗೆ ಕೊಟ್ಟ ಮಾತು ಉಳಿಸಿಕೊಳ್ಳಬೇಕಿತ್ತು. ಮಳೆಗಾಲದ ನೀರು ಹಿಡಿದಿಟ್ಟು ಬೇಸಿಗೆಯಲ್ಲಿ ಬಿಟ್ಟರೆ ಚಕ್ರ ನಿಲ್ಲುವುದಿಲ್ಲ. ಮಳೆಗಾಲದ ನೀರು ಎಂದರೆ ಯಾರದ್ದು? ಕೊಡಗಿನದ್ದು, ನಮ್ಮದು.

ಮದ್ರಾಸ್ ಸರ್ಕಾರ ತಕರಾರು ತೆಗೆಯಿತು. ಮೊದಲು 80 ಅಡಿಗೆ ಮಾತ್ರ ಒಪ್ಪಿಗೆ. ಮೈಸೂರಿನವರು 124 ಅಡಿಗೆ ಬೇಕಾದ ಬುನಾದಿಯನ್ನೇ ಹಾಕಿದರು. ಜಗಳ ಎಳೆದು ಎಳೆದು 1924ರಲ್ಲಿ ಒಪ್ಪಂದವಾಯಿತು. ಆ ಒಪ್ಪಂದದ ಬಾಲ ಹಿಡಿದು ನಡೆದ ಜಗಳಗಳನ್ನು ನೀವು ಟಿವಿಯಲ್ಲಿ ನೋಡಿದ್ದೀರಿ, ಅದು ಇಲ್ಲಿ ಬೇಡ.

1926ರಲ್ಲಿ ಮಿರ್ಜಾ ಇಸ್ಮಾಯಿಲ್ ದಿವಾನರಾದರು. ನಾಲ್ವಡಿ ಕೃಷ್ಣರಾಜ ಒಡೆಯರ ಜೊತೆ ಓದಿದವರು. ಊರು ಚೆಂದ ಇರಬೇಕು ಎಂಬ ಹುಚ್ಚು ಅವರಿಗೆ. ಕಟ್ಟೆಯ ಬುಡದಲ್ಲಿ ಕಲ್ಲು ಮಣ್ಣಿನ ರಾಶಿಯಾಗಿ ಬಿದ್ದಿದ್ದ ಜಾಗದಲ್ಲಿ ತೋಟ ಮಾಡಿಸಲು ಹೊರಟರು. ಕಾಶ್ಮೀರದ ಶಾಲಿಮಾರ್ ತೋಟದ ಮಾದರಿ. ಲಾಲ್‌ಬಾಗಿನಲ್ಲಿದ್ದ ಜರ್ಮನ್ ತೋಟಗಾರ ಕ್ರುಂಬಿಗಲ್ ಅವರ ಕೈ ಸೇರಿತು. 1927ರಲ್ಲಿ ಆರಂಭ, 1932ಕ್ಕೆ ಮುಕ್ತಾಯ. ಸುಮಾರು 60 ಎಕರೆ. ಮೇಲೆ ಕಟ್ಟೆ, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕಾಲುವೆ, ಅದರುದ್ದಕ್ಕೂ ಕಾರಂಜಿ, ಕಾರಂಜಿಯ ಬುಡದಲ್ಲಿ ಬಣ್ಣದ ದೀಪ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. 1932ರಲ್ಲಿ ಮೈಸೂರು ಸಂಸ್ಥಾನದ ಬಹುಪಾಲು ಹಳ್ಳಿಗಳಲ್ಲಿ ಕರೆಂಟು ಇರಲಿಲ್ಲ. ಬಲ್ಬು ಎಂದರೆ ಏನೆಂದು ಕೂಡ ತುಂಬ ಜನಕ್ಕೆ ತಿಳಿಯದು. ಅಂಥ ಹೊತ್ತಿನಲ್ಲಿ ನೀರಿನೊಳಗೆ ಕೆಂಪು, ಹಸಿರು ದೀಪ ಉರಿಯುವುದನ್ನು ನೋಡಿದವರಿಗೆ ಏನನ್ನಿಸಿರಬೇಕು! ಎಣ್ಣೆ ಇಲ್ಲ, ಬತ್ತಿ ಇಲ್ಲ, ನೀರು ಬಿದ್ದರೂ ಆರುವುದಿಲ್ಲ. ನಮ್ಮ ಅಜ್ಜಿ ಸೀಮೆಎಣ್ಣೆ ಬುಡ್ಡಿಗೆ ಗಾಳಿ ತಾಗದಂತೆ ಕೈ ಅಡ್ಡ ಹಿಡಿದುಕೊಂಡೇ ಕೊಟ್ಟಿಗೆಗೆ ಹೋಗುತ್ತಿದ್ದವರು. ಬೃಂದಾವನ ನೋಡಿ ಬಂದ ಊರಿನ ಯಾರೋ ಹೇಳಿದ್ದನ್ನು ಅವರು ಸಾಯುವವರೆಗೂ ನಂಬಲಿಲ್ಲ. "ನೀರೊಳಗೆ ದೀಪ ಹಚ್ಚೋಕೆ ಅವರೇನು ದೇವರಾ" ಎನ್ನುತ್ತಿದ್ದರು.

ನಮ್ಮ ಪಾಠದ ಪುಸ್ತಕಗಳು ಕರೆಂಟಿನ ಚರಿತ್ರೆಯನ್ನು ಡ್ಯಾಮು, ಮೆಗಾವಾಟು ಎಂದು ಬರೆಯುತ್ತವೆ. ನಮ್ಮ ಕಡೆಯ ಬಡವರ ಮಟ್ಟಿಗೆ ಅದು ಬೇರೆ ಥರ ನಡೆದಿದೆ. ನಮಗೆ ಕರೆಂಟು ಮೊದಲು ಸಿಕ್ಕಿದ್ದು ಬಳಸುವ ವಸ್ತುವಾಗಿ ಅಲ್ಲ, ನೋಡುವ ವಸ್ತುವಾಗಿ. ಟಿಕೆಟ್ ಕೊಟ್ಟು, ಬುತ್ತಿ ಕಟ್ಟಿಕೊಂಡು ಹೋಗಿ ನೋಡಿ, ಮತ್ತೆ ಕತ್ತಲೆ ಮನೆಗೆ ಬಂದು ಮಲಗುವ ವಸ್ತುವಾಗಿ. ಆಮೇಲೆ ಸಿನಿಮಾದಲ್ಲೂ ಅದನ್ನೇ ನೋಡಿದೆವು. ಎಷ್ಟು ಕನ್ನಡ ಸಿನಿಮಾಗಳ ಯುಗಳಗೀತೆ ಅಲ್ಲಿ ಚಿತ್ರೀಕರಣ ಆಗಿದೆಯೋ ಲೆಕ್ಕವಿಲ್ಲ. ಟೆಂಟಿನಲ್ಲಿ ಕೂತು ನೋಡಿದವರಿಗೆ ಪ್ರೀತಿ ಎಂದರೇ ಕಾರಂಜಿ ಎಂಬಂತೆ ಆಗಿಬಿಟ್ಟಿತ್ತು.

ನೋಡಲು ಹೋಗುವುದಕ್ಕೂ ಪುರಸೊತ್ತು ಬೇಕಲ್ಲ. ನಮ್ಮ ಸೀಮೆಯ ಕಷ್ಟ ಇರುವುದೇ ಅಲ್ಲಿ. ಮೈಸೂರಿನ ಚೆಂದದ ಕಾಲ ದಸರೆಯಿಂದ ಸಂಕ್ರಾಂತಿವರೆಗೆ. ಮಳೆ ಇಲ್ಲ, ಸೆಕೆ ಇಲ್ಲ, ಬೇಗ ಕತ್ತಲಾಗುವುದರಿಂದ ದೀಪಕ್ಕೆ ಕಳೆ. ಅದೇ ತಿಂಗಳುಗಳಲ್ಲಿ ಕಾಫಿ ಹಣ್ಣಾಗುತ್ತದೆ. ಅರೇಬಿಕಾ ನವೆಂಬರಿನಿಂದ ಜನವರಿವರೆಗೆ, ರೋಬಸ್ಟಾ ಜನವರಿಯಿಂದ ಮಾರ್ಚಿವರೆಗೆ. ಹಣ್ಣು ಕಾಯುವುದಿಲ್ಲ. ಗಿಡದಲ್ಲೇ ಒಣಗಿ ಉದುರಿದರೆ ಲುಕ್ಸಾನು. ಮೈಗೆ ಗೋಣಿತಾಟು ಸುತ್ತಿಕೊಂಡು, ಬೆಳಗಿನ ಇಬ್ಬನಿಯಲ್ಲಿ ಒದ್ದೆಯಾದ ಗಿಡಕ್ಕೆ ಕೈ ಹಾಕುವ ಹೆಂಗಸರಿಗೆ ವರ್ಷದಲ್ಲಿ ನಾಲ್ಕು ಕಾಸು ಕೈಗೆ ಬರುವುದೂ ಆಗಲೇ. ದುಡ್ಡಿದ್ದಾಗ ರಜೆಯಿಲ್ಲ, ರಜೆಯಿದ್ದಾಗ, ಅಂದರೆ ಜಡಿಮಳೆಯಲ್ಲಿ, ದುಡ್ಡಿಲ್ಲ. ಅಮ್ಮ ಐವತ್ತು ದಾಟುವವರೆಗೆ ಬೃಂದಾವನ ನೋಡದೆ ಇದ್ದದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಒಂದು ಸಲ ಹೊರಟಿದ್ದರಂತೆ. ನಾನಿನ್ನೂ ಹುಟ್ಟಿರಲಿಲ್ಲ. ಲೈನಿನ ಏಳೆಂಟು ಹೆಂಗಸರು ಸೇರಿ ವ್ಯಾನು ಗೊತ್ತು ಮಾಡಿದ್ದರು. ಹಿಂದಿನ ದಿನ ರೈಟರು ಬಂದು, ಹಣ್ಣು ಕಪ್ಪಾಗುತ್ತಿದೆ, ಸೋಮವಾರ ಬರದವರಿಗೆ ಮುಂದಿನ ವಾರವೂ ಕೆಲಸ ಇಲ್ಲ ಎಂದು ಹೇಳಿ ಹೋದ. ವ್ಯಾನಿಗೆ ಕೊಟ್ಟ ಅಡ್ವಾನ್ಸು ವಾಪಸ್ ಬರಲಿಲ್ಲ. ತೋಟದ ಹೆಸರು ಇಲ್ಲಿ ಬೇಡ. ಅಮ್ಮನಿಗೆ ಈಗ ಅದರ ಬಗ್ಗೆ ಸಿಟ್ಟೂ ಇಲ್ಲ. "ಅಡ್ವಾನ್ಸು ಹದಿನೈದು ರೂಪಾಯಿ" ಎನ್ನುವುದು ಮಾತ್ರ ಮರೆತಿಲ್ಲ.

ಸರಿ, ಬೆಳಕು ನಮ್ಮ ಮನೆಗೆ ಬಂದದ್ದು ಯಾವಾಗ? 1940ರ ದಶಕದ ಕೊನೆಯಲ್ಲಿ ಜೋಗದಿಂದ, 1960ರ ದಶಕದಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲೆ ಶರಾವತಿಯಿಂದ ದೊಡ್ಡ ಪ್ರಮಾಣದ ಕರೆಂಟು ಬಂತು. ಅಲ್ಲಿ ಮುಳುಗಿದವರೂ ಮಲೆನಾಡಿನವರೇ. ಪೇಟೆಗೆ, ತೋಟದ ಬಂಗಲೆಗೆ, ಪಲ್ಪರ್ ಮನೆಗೆ ತಂತಿ ಬಂತು. ಕೆಲವು ಬಂಗಲೆಗಳಲ್ಲಿ ಅದಕ್ಕೂ ಮೊದಲೇ ಹಳ್ಳದ ನೀರಿಗೋ ಎಣ್ಣೆಗೋ ಓಡುವ ಸ್ವಂತ ಡೈನಮೋ ಇರುತ್ತಿತ್ತು. ಬಂಗಲೆಯಿಂದ ಕೂಲಿ ಲೈನಿಗೆ ಇರುವ ದೂರ ಅರ್ಧ ಫರ್ಲಾಂಗು. ಆ ಅರ್ಧ ಫರ್ಲಾಂಗು ದಾಟಲು ಬೆಳಕಿಗೆ ಎಷ್ಟೋ ಕಡೆ ದಶಕಗಳೇ ಬೇಕಾದವು. ಕೆಜಿಎಫ್‌ಗೆ ಹೋದ 147 ಕಿಲೋಮೀಟರ್ ಲೈನು ಎರಡು ಮೂರು ವರ್ಷದಲ್ಲಿ ಆಗಿತ್ತು!

1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ತೋಟದ ಮಾಲೀಕರು ಕೂಲಿಗಳಿಗೆ ಮನೆ, ಕುಡಿಯುವ ನೀರು, ಔಷಧಿ ಕೊಡಬೇಕು ಎಂದಿತು. ಮನೆ ಬಂತು, ಬೆಳಕು ತಡವಾಯಿತು. ಮನೆ ಮಾಲೀಕರದ್ದು, ಮೀಟರು ಯಾರ ಹೆಸರಿನಲ್ಲಿ ಎಂಬ ಪ್ರಶ್ನೆ ಬಂದರೆ ಅರ್ಜಿ ಅಲ್ಲೇ ನಿಂತಿತು. ಇವತ್ತು ನಮ್ಮ ಅಕ್ಕಪಕ್ಕ ಕೆಲವರಿಗೆ ಗೃಹಜ್ಯೋತಿ ಲಾಭ ಸಿಗದೆ ಇರುವುದಕ್ಕೂ ಇದೇ ಹಳೆಯ ತೊಡಕು ಕಾರಣ. ನಿಮ್ಮ ಲೈನಿನಲ್ಲೂ ಹೀಗೇ ಇದ್ದರೆ ನಮಗೆ ತಿಳಿಸಿ, ಅದನ್ನೇ ಬೇರೆಯಾಗಿ ಬರೆಯಬೇಕಿದೆ.

ಸ್ವಂತ ಗುಡಿಸಲು ಇದ್ದ ಬಡವರ ಮನೆಗೆ ಬೆಳಕು ತಂದದ್ದು ಭಾಗ್ಯಜ್ಯೋತಿ, 1980ರ ಆಸುಪಾಸಿನಲ್ಲಿ ಬಂದ ಯೋಜನೆ. ಒಂದು ಮನೆಗೆ ಒಂದೇ ಬಲ್ಬು. ಅದನ್ನು ಎಲ್ಲಿ ಹಾಕಿಸುವುದು ಎಂದು ಮನೆಮನೆಯಲ್ಲಿ ಚರ್ಚೆ ಆಗಿದೆ. ಗೋಡೆ ಅರ್ಧ ಎತ್ತರದ್ದಾಗಿದ್ದರೆ ಗೋಡೆಯ ಮೇಲೆ ತೂಗಿಬಿಟ್ಟರೆ ಅಡುಗೆಮನೆಗೂ ಆಯಿತು, ನಡುಮನೆಗೂ ಆಯಿತು. ಇಷ್ಟು ಜಾಣತನ ಮಿರ್ಜಾ ಇಸ್ಮಾಯಿಲರ ತೋಟದಲ್ಲೂ ಇಲ್ಲ.

ಈಗ ಕಳಸದವರ ಕತೆ. ನಿಮ್ಮಲ್ಲಿ ಒಂದು ಕೆಜಿಎಫ್ ಆಗಿಹೋಯಿತು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಶುರುವಾಯಿತು. ಕಾಡಿನ ನಡುವೆ ಬೀದಿ ದೀಪಗಳ ಊರು ಎದ್ದಿತು, ದೊಡ್ಡ ವಿದ್ಯುತ್ ಲೈನು ಬಂತು, ಅದಿರಿನ ರಾಡಿ ಪೈಪಿನಲ್ಲಿ ಘಟ್ಟ ಇಳಿದು ಮಂಗಳೂರಿಗೆ ಹೋಯಿತು. ಅಲ್ಲಿಯೂ ವರಸೆ ಅದೇ, ಮೊದಲು ಗಣಿಗೆ ಬೆಳಕು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕೋಲಾರದ ಗಣಿ 2001ರಲ್ಲೇ ಮುಚ್ಚಿತ್ತು. ಯಾವುದಕ್ಕಾಗಿ ಅಷ್ಟು ಅವಸರದಲ್ಲಿ ತಂತಿ ಎಳೆದರೋ ಆ ಎರಡೂ ಕಡೆ ಈಗ ಖಾಲಿ ಮನೆಗಳು ಬಹಳ.

ಇತ್ತ ಮೈಸೂರಿನ ಕಡೆ ಬೃಂದಾವನಕ್ಕೆ ಹೊಸ ಹೊಸ ಆಸೆಗಳು ಹುಟ್ಟುತ್ತಿವೆ. 2018ರಲ್ಲಿ ಸರ್ಕಾರ ಅದನ್ನು ಡಿಸ್ನಿಲ್ಯಾಂಡ್ ಮಾದರಿಯಲ್ಲಿ ಬೆಳೆಸುವ, 125 ಅಡಿಯ ಕಾವೇರಿ ಪ್ರತಿಮೆ ನಿಲ್ಲಿಸುವ ಮಾತಾಡಿತು. ಆಮೇಲೂ ಅಮ್ಯೂಸ್‌ಮೆಂಟ್ ಪಾರ್ಕಿನ ಯೋಜನೆ ಬೇರೆ ಬೇರೆ ರೂಪದಲ್ಲಿ ಎದ್ದು ಬರುತ್ತಲೇ ಇದೆ. ಮಂಡ್ಯದ ರೈತರು ವಿರೋಧಿಸುತ್ತಿದ್ದಾರೆ. ಕಟ್ಟೆಯ ಬುಡದಲ್ಲಿ ಭಾರೀ ಕಟ್ಟಡ ಬಂದರೆ ಕಟ್ಟೆಯ ಗತಿ ಏನು, ಆ ದುಡ್ಡಿನಲ್ಲಿ ನಾಲೆ ರಿಪೇರಿ ಮಾಡಬಾರದೇ ಎಂಬುದು ಅವರ ಪ್ರಶ್ನೆ. ನನಗೆ ಅವರ ಮಾತು ಸರಿ ಅನಿಸುತ್ತದೆ. ಡಿಸ್ನಿಲ್ಯಾಂಡ್ ಆದರೆ ಟಿಕೆಟ್ಟೂ ಡಿಸ್ನಿಯದೇ ಆಗುತ್ತದೆ, ಆಮೇಲೆ ನಮ್ಮ ಸರ್ಕಾರಿ ಶಾಲೆಯ ಬಸ್ಸು ಎಲ್ಲಿಗೆ ಹೋಗಬೇಕು? ಈ ಯೋಜನೆಯ ಮಾತುಕತೆಗೆ ಮಂಡ್ಯದವರನ್ನಾದರೂ ಒಮ್ಮೊಮ್ಮೆ ಕರೆಯುತ್ತಾರೆ. ನೀರು ಹುಟ್ಟುವ ಕಡೆಯವರನ್ನು ಕೇಳಿದ್ದು ನಾನಂತೂ ಕಂಡಿಲ್ಲ.

ಬೃಂದಾವನಕ್ಕೆ ಸದ್ಯಕ್ಕೆ ಹೊಸ ಅತಿಥಿ ಬಂದದ್ದು ಬೇರೆ ಥರ. 2022ರ ನವೆಂಬರಿನಲ್ಲಿ ಚಿರತೆ ಕಾಣಿಸಿಕೊಂಡು ಉದ್ಯಾನವನ್ನು ವಾರಗಟ್ಟಲೆ ಮುಚ್ಚಿದ್ದರು. ನಮ್ಮೂರಲ್ಲಿ ಚಿರತೆ ಬಂದರೆ ನಾಯಿ ಕಟ್ಟಿಹಾಕಿ ಕೆಲಸಕ್ಕೆ ಹೋಗುತ್ತೇವೆ.

ಬೆಳಕು ನೋಡುವವರ ದಾರಿ ಈಗ ಇನ್ನೊಮ್ಮೆ ತಿರುಗಿದೆ. ಕ್ರಿಸ್‌ಮಸ್ ರಜೆ ಬಂದರೆ ಬೆಂಗಳೂರಿನ ಕಾರುಗಳು ಸಾಲುಗಟ್ಟಿ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆ ಬರುತ್ತವೆ. ಹೋಂಸ್ಟೇಗಳು ಬೇಲಿಗೆ, ಸಿಲ್ವರ್ ಮರಕ್ಕೆ ಸೀರಿಯಲ್ ಲೈಟು ಸುತ್ತುತ್ತವೆ. ಕ್ಯಾಂಪ್‌ಫೈರ್ ಎಂದು ಬೆಂಕಿ ಹಾಕುತ್ತಾರೆ. ಅವರು ಇಲ್ಲಿಗೆ ಬರುವುದು ಕತ್ತಲೆ ನೋಡಲು, ನಕ್ಷತ್ರ ನೋಡಲು ಎಂದು ಒಬ್ಬರು ನನಗೆ ಹೇಳಿದರು. ನಕ್ಷತ್ರ ಕಾಣಬೇಕಾದರೆ ಆ ಸೀರಿಯಲ್ ಲೈಟು ಆರಿಸಬೇಕಲ್ಲ ಎಂದು ನಾನು ಹೇಳಲಿಲ್ಲ. ಆ ಹೋಂಸ್ಟೇಯಲ್ಲಿ ನಮ್ಮ ಲೈನಿನ ಮೂವರಿಗೆ ಕೆಲಸ ಸಿಕ್ಕಿದೆ.

ಅಮ್ಮನ ವಿಚಾರಕ್ಕೆ ವಾಪಸ್. ಆವತ್ತು ಕಾರಂಜಿ ಮುಗಿದ ಮೇಲೆ ಜನ ಗೇಟಿನ ಕಡೆ ನುಗ್ಗಿದರು. ನಾವು ಗದ್ದಲ ಕಡಿಮೆಯಾಗಲಿ ಎಂದು ಕಾಲುವೆಯ ಕಟ್ಟೆಯ ಮೇಲೆ ಕೂತೆವು. ಪಕ್ಕದಲ್ಲಿ ಯಾವುದೋ ಶಾಲೆಯ ಮಕ್ಕಳನ್ನು ಟೀಚರೊಬ್ಬರು ಎಣಿಸುತ್ತಿದ್ದರು, ಎರಡು ಸಲ ಎಣಿಸಿದರೂ ಒಂದು ತಲೆ ಹೆಚ್ಚು ಬರುತ್ತಿತ್ತು. ಅಮ್ಮ ಬಗ್ಗಿ ನೀರಿಗೆ ಕೈ ಅದ್ದಿದರು. ಯಾರಾದರೂ ಬೈಯುತ್ತಾರೇನೋ ಎಂದು ಆಚೀಚೆ ನೋಡಿ, ಒದ್ದೆ ಕೈಯನ್ನು ಮುಖಕ್ಕೆ ಹಚ್ಚಿಕೊಂಡರು.

"ನಮ್ಮ ಹಳ್ಳದಷ್ಟು ತಣ್ಣಗಿಲ್ಲ" ಎಂದರು.

ಬಸ್ಸಿನಲ್ಲಿ ಹಾಸನ ಬರುವ ಮೊದಲೇ ನಿದ್ದೆ ಹೋದರು. ಮಾರನೇ ದಿನ ಏಳು ಗಂಟೆಗೆ ಹಣ್ಣು ಕೊಯ್ಲಿತ್ತು.